ಗ್ರಾಹಕರ ದತ್ತಾಂಶ ಸೋರಿಕೆ ಮತ್ತು ಕಂಪನಿಗಳ ಹೊಣೆಗಾರಿಕೆ

ಗ್ರಾಹಕರ ದತ್ತಾಂಶ ಸೋರಿಕೆಯಲ್ಲಿ ಕಂಪನಿಗಳ ಹೊಣೆಗಾರಿಕೆ ಎಂದರೆ, ವ್ಯವಹಾರದ ನಿಮಿತ್ತ ಗ್ರಾಹಕರಿಂದ ಪಡೆದ ವೈಯಕ್ತಿಕ ಮಾಹಿತಿಯು ಅನ್ಯರ ಕೈಸೇರಿದಾಗ, ಅದನ್ನು ಇರಿಸಿಕೊಂಡಿದ್ದ ಸಂಸ್ಥೆಯು ಕಾನೂನಿಗೂ ಗ್ರಾಹಕರಿಗೂ ಉತ್ತರಿಸಬೇಕಾದ ಬಾಧ್ಯತೆ. ಇದರಲ್ಲಿ ಮೂರು ಅಂಶಗಳಿವೆ: ಸೋರಿಕೆಯಾಗದಂತೆ ಎಚ್ಚರ ವಹಿಸುವುದು, ಸೋರಿಕೆಯಾದಾಗ ಮರೆಮಾಚದೆ ತಿಳಿಸುವುದು ಮತ್ತು ಆದ ಹಾನಿಯನ್ನು ತುಂಬಿಕೊಡುವುದು. ಮೊದಲೆರಡು ಅಂಶಗಳಲ್ಲಿ ಹಲವು ದೇಶಗಳ ಕಾನೂನುಗಳು ಬಿಗಿಯಾಗುತ್ತ ಬಂದಿವೆ, ಮೂರನೆಯದರಲ್ಲಿ ಒಮ್ಮತವಿಲ್ಲ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಕಂಪನಿಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಆದರೆ ನಷ್ಟಕ್ಕೊಳಗಾದ ವ್ಯಕ್ತಿಗೆ ಪರಿಹಾರ ಕೊಡಿಸುವ ಏರ್ಪಾಡು ಅದರಲ್ಲಿಲ್ಲ.

ಹಾನಿಯ ಸ್ವರೂಪ

ದತ್ತಾಂಶ ಸೋರಿಕೆಯ ಹಾನಿಯು ಸಾಮಾನ್ಯ ಕಳವಿನಿಂದ ಆಗುವ ಹಾನಿಗಿಂತ ಭಿನ್ನವಾದುದು. ಕಳೆದುಹೋದ ಕಾರ್ಡಿನ ಸಂಖ್ಯೆಯನ್ನು ಬದಲಿಸಬಹುದು. ಜನ್ಮದಿನಾಂಕ, ಬೆರಳಚ್ಚು, ಕಾಯಿಲೆಯ ವಿವರಗಳನ್ನು ಬದಲಿಸಲಾಗದು. ಮಾಹಿತಿ ಸೋರಿದ ದಿನವೇ ನಷ್ಟ ಕಾಣಿಸಿಕೊಳ್ಳಬೇಕೆಂದಿಲ್ಲ. ತಿಂಗಳುಗಳ ನಂತರ ಬರುವ ವಂಚನೆಯ ಕರೆಯಲ್ಲಿ ಅಥವಾ ಇನ್ನೊಬ್ಬರು ತನ್ನ ಹೆಸರಿನಲ್ಲಿ ಪಡೆದ ಸಾಲದಲ್ಲಿ ಅದು ಪ್ರಕಟವಾಗಬಹುದು. ಒಂದೇ ದೂರವಾಣಿ ಸಂಖ್ಯೆ ಹತ್ತಾರು ಸಂಸ್ಥೆಗಳ ಬಳಿ ಇರುವುದರಿಂದ, ವಂಚಕನಿಗೆ ಅದು ದೊರೆತದ್ದು ಯಾವ ಸಂಸ್ಥೆಯ ಸೋರಿಕೆಯಿಂದ ಎಂದು ಸಾಬೀತುಪಡಿಸುವುದು ಗ್ರಾಹಕನಿಗೆ ಬಹುಮಟ್ಟಿಗೆ ಅಸಾಧ್ಯ.

ಇದರ ಆರ್ಥಿಕ ಪರಿಣಾಮವೂ ಗಮನಾರ್ಹ. ಭದ್ರತೆಗೆ ತಗಲುವ ವೆಚ್ಚವನ್ನು ಕಂಪನಿ ಭರಿಸಬೇಕು. ಭದ್ರತೆ ವಿಫಲವಾದಾಗಿನ ನಷ್ಟದ ಬಹುಪಾಲು ಗ್ರಾಹಕನ ಪಾಲಿಗೆ ಬರುತ್ತದೆ. ಈ ನಷ್ಟವನ್ನು ಕಾನೂನಿನ ಮೂಲಕ ಕಂಪನಿಯತ್ತ ಮರಳಿಸದಿದ್ದರೆ ಭದ್ರತೆಗೆ ಹಣ ಹೂಡುವ ಪ್ರೇರಣೆ ಕುಂದುತ್ತದೆ ಎಂಬುದು ಹೊಣೆಗಾರಿಕೆಯ ಪರವಾದ ಮುಖ್ಯ ವಾದ.

ಈಕ್ವಿಫ್ಯಾಕ್ಸ್ ಪ್ರಕರಣ

ಅಮೆರಿಕದ ಈಕ್ವಿಫ್ಯಾಕ್ಸ್ ಜನರ ಸಾಲ ಮತ್ತು ಮರುಪಾವತಿಯ ದಾಖಲೆಗಳನ್ನು ಕಲೆಹಾಕಿ ಬ್ಯಾಂಕುಗಳಿಗೆ ಒದಗಿಸುವ ಕಂಪನಿ. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ತಂತ್ರಾಂಶದಲ್ಲಿನ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆಯಾಗಿತ್ತು. ಕಂಪನಿಯು ಗ್ರಾಹಕರ ದೂರುಗಳಿಗೆಂದು ಇದ್ದ ಜಾಲತಾಣದಲ್ಲಿ ಅದನ್ನು ಅಳವಡಿಸಲಿಲ್ಲ. ಮೇ ತಿಂಗಳಲ್ಲಿ ಒಳನುಗ್ಗಿದ ಹ್ಯಾಕರ್‌ಗಳ ಚಟುವಟಿಕೆ ಜುಲೈ 29ರಂದು ಪತ್ತೆಯಾಯಿತು; ಸಾರ್ವಜನಿಕರಿಗೆ ತಿಳಿದದ್ದು ಸೆಪ್ಟೆಂಬರ್ 7ರಂದು. ಸುಮಾರು 14.7 ಕೋಟಿ ಜನರ ಹೆಸರು, ಜನ್ಮದಿನಾಂಕ, ಸಾಮಾಜಿಕ ಭದ್ರತಾ ಸಂಖ್ಯೆ ಮುಂತಾದ ವಿವರಗಳು ಸೋರಿಕೆಯಾಗಿದ್ದವು. ಅದೇ ತಿಂಗಳು ಕಂಪನಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಹುದ್ದೆಯಿಂದ ಕೆಳಗಿಳಿದರು.

ಮಾಹಿತಿ ಕಳೆದುಕೊಂಡವರಲ್ಲಿ ಹೆಚ್ಚಿನವರು ಈಕ್ವಿಫ್ಯಾಕ್ಸ್‌ನೊಂದಿಗೆ ನೇರ ವ್ಯವಹಾರ ಹೊಂದಿದವರಲ್ಲ. ಅವರ ದಾಖಲೆಗಳು ಬ್ಯಾಂಕುಗಳಂತಹ ಸಾಲದಾತರ ಮೂಲಕ ಅಲ್ಲಿಗೆ ತಲುಪಿದ್ದವು. ಆದ್ದರಿಂದ ಸೇವೆ ಸರಿಯಿಲ್ಲವೆಂದು ಬೇರೆ ಕಂಪನಿಗೆ ಹೋಗುವ ಆಯ್ಕೆಯೂ ಅವರಿಗಿರಲಿಲ್ಲ. ಮಾರುಕಟ್ಟೆಯ ಸ್ಪರ್ಧೆಯೇ ಕಂಪನಿಗಳನ್ನು ತಿದ್ದುತ್ತದೆ ಎಂಬ ವಾದದ ಮಿತಿಯನ್ನು ಈ ಪ್ರಕರಣ ತೋರಿಸಿತು.

2019ರ ಜುಲೈನಲ್ಲಿ ಕಂಪನಿಯು ಫೆಡರಲ್ ಟ್ರೇಡ್ ಕಮಿಷನ್ ಹಾಗೂ ರಾಜ್ಯಗಳೊಂದಿಗೆ ಕನಿಷ್ಠ 57.5 ಕೋಟಿ, ಗರಿಷ್ಠ 70 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಬಂದಿತು. ಉಚಿತ ಸಾಲ-ದಾಖಲೆ ನಿಗಾ ಸೇವೆ ಬೇಡವೆನ್ನುವವರು 125 ಡಾಲರ್‌ವರೆಗೆ ನಗದು ಕೋರಬಹುದಿತ್ತು. ಆದರೆ ಆ ಬಾಬ್ತಿಗೆ ಮೀಸಲಿಟ್ಟದ್ದು 3.1 ಕೋಟಿ ಡಾಲರ್ ಮಾತ್ರ. ತಲಾ 125 ಡಾಲರ್‌ನಂತೆ ಅದು ಸುಮಾರು 2.5 ಲಕ್ಷ ಜನರಿಗಷ್ಟೇ ಸಾಲುತ್ತಿತ್ತು. ಅರ್ಜಿಗಳು ಅಪಾರ ಸಂಖ್ಯೆಯಲ್ಲಿ ಬಂದಾಗ, ಅರ್ಜಿದಾರರಿಗೆ ಬಹಳ ಕಡಿಮೆ ಹಣ ದೊರೆಯಲಿದೆ, ನಿಗಾ ಸೇವೆಯನ್ನೇ ಆರಿಸಿಕೊಳ್ಳುವುದು ಲೇಸು ಎಂದು ಆಯೋಗವೇ ಸೂಚಿಸಿತು.

ಯುರೋಪ್ ಮತ್ತು ಬ್ರಿಟನ್

2018ರ ಮೇ 25ರಿಂದ ಅನ್ವಯವಾದ ಯುರೋಪ್ ಒಕ್ಕೂಟದ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿ (ಜಿಡಿಪಿಆರ್) ಸೋರಿಕೆಯನ್ನು 72 ಗಂಟೆಗಳೊಳಗೆ ನಿಯಂತ್ರಕರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ಗಂಭೀರ ಉಲ್ಲಂಘನೆಗಳಿಗೆ 2 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 4, ಇವುಗಳಲ್ಲಿ ಹೆಚ್ಚಿನದು ದಂಡದ ಮಿತಿ. ಇದರ ಜೊತೆಗೆ 82ನೇ ವಿಧಿಯು ಆರ್ಥಿಕ ಹಾಗೂ ಆರ್ಥಿಕೇತರ ಹಾನಿಗಳೆರಡಕ್ಕೂ ಪರಿಹಾರ ಪಡೆಯುವ ಹಕ್ಕನ್ನು ವ್ಯಕ್ತಿಗೆ ನೀಡುತ್ತದೆ. ಬಲ್ಗೇರಿಯದ ತೆರಿಗೆ ಸಂಸ್ಥೆಯ ಸೋರಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯವು 2023ರ ಡಿಸೆಂಬರ್‌ನಲ್ಲಿ, ಮಾಹಿತಿ ದುರ್ಬಳಕೆಯಾದೀತೆಂಬ ಆತಂಕವೂ ಆರ್ಥಿಕೇತರ ಹಾನಿ ಎನಿಸಬಹುದು ಎಂದು ಹೇಳಿತು.

ಘೋಷಿತ ದಂಡಕ್ಕೂ ವಸೂಲಾಗುವ ದಂಡಕ್ಕೂ ಇರುವ ಅಂತರ ಇಲ್ಲಿಯೂ ಕಂಡುಬಂದಿದೆ. 2018ರಲ್ಲಿ 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೋರಿದ ಪ್ರಕರಣದಲ್ಲಿ ಬ್ರಿಟನ್‌ನ ಮಾಹಿತಿ ಆಯುಕ್ತರು ಬ್ರಿಟಿಷ್ ಏರ್‌ವೇಸ್‌ಗೆ 18.3 ಕೋಟಿ ಪೌಂಡ್‌ಗಳಷ್ಟು ದಂಡ ವಿಧಿಸುವ ಉದ್ದೇಶವನ್ನು 2019ರಲ್ಲಿ ಪ್ರಕಟಿಸಿದರು. ಕಂಪನಿಯ ವಾದ ಹಾಗೂ ಕೋವಿಡ್ ಕಾಲದ ಆರ್ಥಿಕ ಸ್ಥಿತಿಯನ್ನು ಪರಿಗಣಿಸಿ 2020ರ ಅಕ್ಟೋಬರ್‌ನಲ್ಲಿ ಅಂತಿಮವಾಗಿ ವಿಧಿಸಿದ್ದು 2 ಕೋಟಿ ಪೌಂಡ್.

ಭಾರತದ ಕಾನೂನು

2008ರ ತಿದ್ದುಪಡಿಯ ಮೂಲಕ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ಕ್ಕೆ 43ಎ ಪ್ರಕರಣವನ್ನು ಸೇರಿಸಲಾಯಿತು. ಸೂಕ್ಷ್ಮ ವೈಯಕ್ತಿಕ ಮಾಹಿತಿಯ ರಕ್ಷಣೆಯಲ್ಲಿ ನಿರ್ಲಕ್ಷ್ಯ ತೋರಿ ನಷ್ಟ ಉಂಟುಮಾಡಿದ ಕಂಪನಿಯು ಬಾಧಿತ ವ್ಯಕ್ತಿಗೆ ಪರಿಹಾರ ನೀಡಬೇಕೆಂದು ಇದು ಹೇಳುತ್ತದೆ. 5 ಕೋಟಿ ರೂಪಾಯಿಗಳವರೆಗಿನ ಕೋರಿಕೆಗಳನ್ನು ಪ್ರತಿ ರಾಜ್ಯದಲ್ಲಿ ನ್ಯಾಯನಿರ್ಣಯ ಅಧಿಕಾರಿಯಾಗಿರುವ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ ವಿಚಾರಿಸುತ್ತಾರೆ. ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ ದಾಖಲೆ, ಬಯೋಮೆಟ್ರಿಕ್ ಮುಂತಾದವು ಸೂಕ್ಷ್ಮ ಮಾಹಿತಿ ಎನಿಸುತ್ತವೆ. ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಆ ಪಟ್ಟಿಯಲ್ಲಿಲ್ಲ. ನಿರ್ಲಕ್ಷ್ಯವನ್ನೂ ನಷ್ಟವನ್ನೂ ಗ್ರಾಹಕನೇ ತೋರಿಸಬೇಕಾದದ್ದು ಈ ಪ್ರಕರಣದ ದೊಡ್ಡ ಮಿತಿ.

ಈ ಅವಧಿಯಲ್ಲಿ ಸೋರಿಕೆಗೊಳಗಾದ ಗ್ರಾಹಕರಿಗೆ ತಿಳಿಸಬೇಕೆಂಬ ಸಾಮಾನ್ಯ ಕಡ್ಡಾಯವೂ ಇರಲಿಲ್ಲ. ಬೆಂಗಳೂರು ಮೂಲದ ದಿನಸಿ ಮಾರಾಟ ಕಂಪನಿ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕಿದೆ ಎಂಬುದು 2020ರ ನವೆಂಬರ್‌ನಲ್ಲಿ ಬಹಿರಂಗವಾದದ್ದು ಸೈಬಲ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಪ್ರಕಟಣೆಯಿಂದ. ಕಂಪನಿಯು ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ನೀಡಿತ್ತು. 2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಸುಮಾರು 45 ಲಕ್ಷ ಪ್ರಯಾಣಿಕರ ಮಾಹಿತಿ ಸೋರಿಕೆಯಾಗಿದೆ ಎಂದು ತಿಳಿಸಿತು. ಸೋರಿಕೆ ನಡೆದದ್ದು ಪ್ರಯಾಣಿಕರ ದಾಖಲೆ ನಿರ್ವಹಿಸುತ್ತಿದ್ದ ಸೀಟಾ ಎಂಬ ಹೊರಗುತ್ತಿಗೆ ಸಂಸ್ಥೆಯಲ್ಲಿ. ಅದರ ಮೊದಲ ಸೂಚನೆ ಏರ್ ಇಂಡಿಯಾಗೆ ಫೆಬ್ರವರಿಯಲ್ಲೇ ತಲುಪಿತ್ತು.

2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಸಂಸ್ಥೆಯು ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ನಿರ್ದೇಶಿಸಿತು. ಇದು ಸರ್ಕಾರಕ್ಕೆ ನೀಡುವ ಮಾಹಿತಿಯೇ ಹೊರತು ಗ್ರಾಹಕರಿಗಲ್ಲ.

2023ರ ಕಾಯ್ದೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದೇ ವರ್ಷ ರಚನೆಯಾಗಿದ್ದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿಯೂ 2019ರ ಮಸೂದೆಯಲ್ಲಿಯೂ ಪರಿಹಾರ ಪಡೆಯುವ ಹಕ್ಕು ಇತ್ತು. 2022ರಲ್ಲಿ ಆ ಮಸೂದೆಯನ್ನು ಹಿಂಪಡೆಯಲಾಯಿತು. 2023ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಆ ಹಕ್ಕು ಉಳಿಯಲಿಲ್ಲ.

ಹೊಸ ಕಾಯ್ದೆಯು ಹಲವು ವಿಷಯಗಳಲ್ಲಿ ಹಿಂದಿನದಕ್ಕಿಂತ ಬಲವಾಗಿದೆ. ಸೂಕ್ಷ್ಮ, ಸಾಮಾನ್ಯ ಎಂಬ ಭೇದವಿಲ್ಲದೆ ಎಲ್ಲ ಡಿಜಿಟಲ್ ವೈಯಕ್ತಿಕ ದತ್ತಾಂಶಕ್ಕೂ ಅದು ಅನ್ವಯಿಸುತ್ತದೆ. ಕೆಲಸವನ್ನು ಹೊರಗುತ್ತಿಗೆಗೆ ನೀಡಿದರೂ ಹೊಣೆ ಮೂಲ ಸಂಸ್ಥೆಯದೇ. ಸೋರಿಕೆಯನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಿಗೂ ತಿಳಿಸಬೇಕು. ತಪ್ಪಿದರೆ 200 ಕೋಟಿ ರೂಪಾಯಿಗಳವರೆಗೆ ದಂಡವಿದೆ. ಭದ್ರತಾ ಕ್ರಮಗಳ ಲೋಪಕ್ಕೆ ಮಿತಿ 250 ಕೋಟಿ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಕರ್ತವ್ಯಗಳು 18 ತಿಂಗಳ ನಂತರ ಜಾರಿಗೆ ಬರಲಿವೆ.

ದಂಡ ಮತ್ತು ಪರಿಹಾರದ ಚರ್ಚೆ

ವಿಧಿಸಿದ ದಂಡವು ಭಾರತದ ಸಂಚಿತ ನಿಧಿಗೆ ಸೇರುತ್ತದೆ ಎಂದು ಕಾಯ್ದೆಯ 34ನೇ ಪ್ರಕರಣ ಹೇಳುತ್ತದೆ. 44ನೇ ಪ್ರಕರಣವು ಹಳೆಯ 43ಎ ಅನ್ನು ತೆಗೆದುಹಾಕುತ್ತದೆ. ಇವೆರಡನ್ನೂ ಒಟ್ಟಿಗೆ ನೋಡಿದಾಗ, ಮಾಹಿತಿ ಕಳೆದುಕೊಂಡವನು ದೂರುದಾರನಾಗಿ ಉಳಿಯುತ್ತಾನೆಯೇ ಹೊರತು ಪರಿಹಾರಕ್ಕೆ ಹಕ್ಕುದಾರನಾಗುವುದಿಲ್ಲ. ಕ್ಷುಲ್ಲಕ ಅಥವಾ ಸುಳ್ಳು ದೂರು ನೀಡಿದರೆ ಆತನಿಗೇ 10,000 ರೂಪಾಯಿಗಳವರೆಗೆ ದಂಡ ಬೀಳಬಹುದು. ಮಿತಿಯು ವಹಿವಾಟಿಗೆ ಅನುಗುಣವಾಗಿಲ್ಲದಿರುವುದೂ ಟೀಕೆಗೆ ಗುರಿಯಾಗುವ ಅಂಶ. 2 ಕೋಟಿ ಗ್ರಾಹಕರ ಮಾಹಿತಿ ಸೋರಿದ ಪ್ರಕರಣಕ್ಕೆ ಗರಿಷ್ಠ 250 ಕೋಟಿ ವಿಧಿಸಿದರೂ ಅದು ತಲಾ 125 ರೂಪಾಯಿ ಮಾತ್ರ, ಅದೂ ಗ್ರಾಹಕರಿಗೆ ಸಲ್ಲುವುದಲ್ಲ.

ಇದಕ್ಕೆ ಪ್ರತಿವಾದಗಳೂ ಇವೆ. ಲಕ್ಷಾಂತರ ಜನರಿಗೆ ಪ್ರತ್ಯೇಕವಾಗಿ ಪರಿಹಾರ ನಿಗದಿಪಡಿಸುವುದು ಕಷ್ಟಸಾಧ್ಯ; ಈಕ್ವಿಫ್ಯಾಕ್ಸ್ ಒಪ್ಪಂದವೇ ಇದಕ್ಕೆ ನಿದರ್ಶನ. ಹೊಣೆ ಅತಿಯಾದರೆ ಸಣ್ಣ ಉದ್ಯಮಗಳು ಮುಚ್ಚಬೇಕಾದೀತು, ದೊಡ್ಡವು ಸೋರಿಕೆಯನ್ನು ಬಚ್ಚಿಡಲು ಯತ್ನಿಸಬಹುದು. ಊಬರ್ ಕಂಪನಿಯು 2016ರಲ್ಲಿ 5.7 ಕೋಟಿ ಜನರ ಮಾಹಿತಿ ಕದ್ದ ಹ್ಯಾಕರ್‌ಗಳಿಗೆ 1 ಲಕ್ಷ ಡಾಲರ್ ಕೊಟ್ಟು ವಿಷಯವನ್ನು ಒಂದು ವರ್ಷ ಗುಟ್ಟಾಗಿಟ್ಟಿತ್ತು. ಆದರೆ ಆ ಪ್ರಕರಣದಲ್ಲಿ ಭದ್ರತಾ ಮುಖ್ಯಸ್ಥರಾಗಿದ್ದವರನ್ನೇ 2022ರಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಲಾಯಿತು. ಮರೆಮಾಚುವಿಕೆಗೆ ಮದ್ದು ಹೊಣೆಯನ್ನು ಸಡಿಲಿಸುವುದಲ್ಲ, ಅಧಿಕಾರಿಗಳನ್ನು ವೈಯಕ್ತಿಕವಾಗಿ ಹೊಣೆಯಾಗಿಸುವುದು ಎಂಬ ವಾದಕ್ಕೆ ಇದು ಆಧಾರವಾಗಿದೆ.

ಪುರಾವೆಯ ಕಷ್ಟಕ್ಕೆ ಭಾರತದಲ್ಲೇ ಒಂದು ಮಾದರಿಯಿದೆ. ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟುಗಳ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯು, ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದಿದ್ದು ಗ್ರಾಹಕನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಅವನ ಮೇಲಿಲ್ಲ ಎಂದಿತು. ಗ್ರಾಹಕನ ಹೊಣೆಯನ್ನು ಸಾಬೀತುಪಡಿಸುವ ಭಾರವನ್ನು ಬ್ಯಾಂಕಿಗೆ ವಹಿಸಿತು. ವ್ಯವಸ್ಥೆಯ ಒಳಗನ್ನು ಬಲ್ಲವರೇ ಪುರಾವೆ ನೀಡಲಿ ಎಂಬ ಈ ತತ್ವ ದತ್ತಾಂಶ ಕಾನೂನಿನಲ್ಲಿ ಇನ್ನೂ ಸ್ಥಾನ ಪಡೆದಿಲ್ಲ.

ಗ್ರಾಹಕರಿಗಿರುವ ಮಾರ್ಗಗಳು

43ಎ ಜಾರಿಯಲ್ಲಿರುವವರೆಗೆ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಪರಿಹಾರ ಕೋರಬಹುದು. ಗ್ರಾಹಕನು ವಿಶ್ವಾಸದಿಂದ ನೀಡಿದ ವೈಯಕ್ತಿಕ ಮಾಹಿತಿಯನ್ನು ಕಾನೂನುಬಾಹಿರವಾಗಿ ಇತರರಿಗೆ ಬಹಿರಂಗಪಡಿಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಇದನ್ನು ಆಧರಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಹಣ ಕಳೆದುಕೊಂಡವರು ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ಕಂಪನಿಯಿಂದ ಬಂದ ಸೋರಿಕೆಯ ಸೂಚನೆಯನ್ನು ಕಾಯ್ದಿರಿಸಿಕೊಳ್ಳುವುದು ಮುಖ್ಯ. ಸೋರಿಕೆಗೂ ನಷ್ಟಕ್ಕೂ ಇರುವ ಸಂಬಂಧವನ್ನು ತೋರಿಸಲು ಹಲವೊಮ್ಮೆ ಗ್ರಾಹಕನ ಕೈಯಲ್ಲಿ ಉಳಿಯುವ ದಾಖಲೆ ಅದೊಂದೇ.