ರಡಾರ್ ಬೇಕಂತೆ, ಬೆಲ್ಟ್ ಬೇಡವಂತೆ!

ಅಲ್ಲಾ ಸ್ವಾಮಿ, ಈ ‘ಅಡಾಸ್’ ಅನ್ನೋ ಮಾಯೆಗಾಗಿ ಟಾಪ್ ಮಾಡೆಲ್ಲೇ ಬೇಕು ಅಂತ ಲಕ್ಷಗಟ್ಟಲೆ ಹೆಚ್ಚು ಸುರಿಯೋರನ್ನ ಕಂಡ್ರೆ ನಂಗೆ ಮೈಯೆಲ್ಲಾ ಉರಿಯತ್ತೆ.

ಗಾಜಿನ ಹಿಂದಿರೋ ಕ್ಯಾಮೆರಾ ರಸ್ತೆಯ ಬಿಳಿ ಗೆರೆ ನೋಡ್ಕೊಂಡು ಗಾಡಿಯನ್ನ ಲೇನಿನೊಳಗೆ ಇಡತ್ತಂತೆ. ನಮ್ಮ ರಸ್ತೆಗಳಲ್ಲಿ ಗೆರೆ ಎಲ್ಲಿದೆ, ತೋರಿಸಿ ನೋಡೋಣ! ಮುಂದಿನ ಗಾಡಿಯಿಂದ ಅಂತರ ಬಿಟ್ಟುಕೊಂಡೂ ಹೋಗತ್ತಂತೆ.. ಸಿಲ್ಕ್ ಬೋರ್ಡಿನಲ್ಲಿ ಅಷ್ಟು ಜಾಗ ಬಿಟ್ರೆ ಒಂದು ಆಟೋ, ಮೂರು ಸ್ಕೂಟರು ನುಗ್ಗಿರತ್ವೆ. ಹೆದ್ದಾರಿಯಲ್ಲಿ ಕಣ್ಣು ಎಳೆಯೋ ಹೊತ್ತಲ್ಲಿ ಗಾಡಿ ತಾನೇ ಬ್ರೇಕ್ ಹಾಕಿದ್ರೆ ಜೀವ ಉಳೀಬಹುದು, ಅದನ್ನ ನಾನು ಅಲ್ಲಗಳೆಯಲ್ಲ.

ನನ್ನ ಜಗಳ ಬೇರೆ. 2022ರ ಸೆಪ್ಟೆಂಬರಿನಲ್ಲಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ದುಬಾರಿ ಕಾರಿನ ಹಿಂದಿನ ಸೀಟಲ್ಲಿ, ಬೆಲ್ಟ್ ಹಾಕದೆ. ಅದಾದ್ಮೇಲೂ ನಾವು ಕಲಿತಿದ್ದೇನು? ಬೆಲ್ಟಿನ ಅಲಾರಂ ಬಾಯಿ ಮುಚ್ಚಿಸೋ ಕ್ಲಿಪ್ ಕೊಳ್ಳೋದನ್ನ! 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಅದನ್ನ ತೆಗೀರಿ ಅಂತ ಆದೇಶ ಮಾಡಬೇಕಾಯ್ತು. ಕೊಳ್ಳೋರಿಲ್ಲದೆ ಮಾರ್ತಿದ್ರಾ?

ನಮ್ಮ ಭಾವನ ಹೊಸ ಗಾಡಿಯಲ್ಲಿ ರಡಾರ್ ಇದೆ, ಆರು ಏರ್‌ಬ್ಯಾಗ್ ಇವೆ. ಎರಡು ವರ್ಷದ ಮಗು ಮಾತ್ರ ಮುಂದಿನ ಸೀಟಲ್ಲಿ ಅಕ್ಕನ ತೊಡೆ ಮೇಲೆ. ಆ ಏರ್‌ಬ್ಯಾಗ್ ಕಣ್ಣು ಮಿಟುಕಿಸೋದ್ರೊಳಗೆ ಸಿಡಿಯತ್ತೆ ಭಾವ, ಮಗು ಅದಕ್ಕೂ ಅಕ್ಕನಿಗೂ ನಡುವೆ ಸಿಕ್ಕಿಹಾಕ್ಕೊಳತ್ತೆ ಅಂದೆ. “ನಮ್ಮದು ಫೈವ್ ಸ್ಟಾರ್ ಕಣಯ್ಯಾ” ಅಂದ್ರು. ಮಗುವಿನ ಸೀಟಿಗೆ ಕೆಲವು ಸಾವಿರ ಕೊಡೋದು ದಂಡವಂತೆ, ಸನ್‌ರೂಫಿಗೆ ಕೊಟ್ಟಿದ್ದು ಅಲ್ಲವಂತೆ!

ನಿಮ್ಮನೆ ಗಾಡಿಯಲ್ಲಿ ಹಿಂದೆ ಕೂತೋರು ಬೆಲ್ಟ್ ಹಾಕ್ತಾರಾ? ನಿಜ ಹೇಳಿ..