ಭಾಷಣದಲ್ಲಿ ನಮ್ಮ ಹೆಸರಿದೆ, ನಮ್ಮ ನೂಲು ಎಲ್ಲಿದೆ?

ದಿಲ್ಲಿಯ ರಾಜಕೀಯಕ್ಕೂ ನಮ್ಮ ಮನೆಯ ಒಲೆಗೂ ಏನು ಸಂಬಂಧ? ಕೊಳ್ಳೇಗಾಲದ ಚಹಾದಂಗಡಿಯಲ್ಲಿ ಈ ಪ್ರಶ್ನೆ ಎತ್ತಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಯಾರು ಗೆದ್ದರೂ ನಮ್ಮ ಪಾಡು ಇಷ್ಟೇ ಎಂಬುದು ಅವರ ಉತ್ತರ. ಈ ಹತಾಶೆ ನಮ್ಮದೂ ಹೌದು. ಐದು ವರ್ಷಕ್ಕೊಮ್ಮೆ ಸರತಿಯಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಂಡು ಮನೆಗೆ ಮರಳುವ ಪ್ರತಿಯೊಬ್ಬ ಸಾಮಾನ್ಯ ಪ್ರಜೆಯ ಹತಾಶೆ ಅದು. ಆದರೆ ಈ ಹತಾಶೆಗೆ ಆಳುವವರು ಮಾತ್ರ ಕಾರಣರೇ ಅಥವಾ ಅದರಲ್ಲಿ ನಮ್ಮ ಪಾಲೂ ಇದೆಯೇ ಎಂದು ಒಮ್ಮೆ ಕೇಳಿಕೊಳ್ಳಬೇಕಾಗಿದೆ.

ದಿಲ್ಲಿಗೂ ಒಲೆಗೂ ಇರುವ ಸಂಬಂಧ ತಿಳಿಯಲು ನಮ್ಮೂರಿನ ರೇಷ್ಮೆಯೇ ಸಾಕು. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಸೀಮೆಗೆ ಹಿಪ್ಪುನೇರಳೆ, ಗೂಡು ಮತ್ತು ಮಗ್ಗ ಹಳೆಯ ನಂಟು. ರೈತ ಹುಳು ಸಾಕಿ ಗೂಡನ್ನು ಮುಡಿಗುಂಡದ ಮಾರುಕಟ್ಟೆಗೆ ತರುತ್ತಾನೆ. ರೀಲರ್ ಹರಾಜಿನಲ್ಲಿ ಅದನ್ನು ಕೊಂಡು, ಕುದಿಯುವ ನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾನೆ. ಈ ಕಸುಬಿನಲ್ಲಿ ನಮ್ಮ ಸಮುದಾಯದ ಅದೆಷ್ಟು ಮನೆಗಳು ತಲೆಮಾರುಗಳಿಂದ ಬದುಕಿವೆ ಎಂಬುದನ್ನು ಹೇಳಬೇಕಾಗಿಲ್ಲ.

2011ರ ಫೆಬ್ರವರಿಯಲ್ಲಿ ಅಂದಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿಯವರು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಬಜೆಟ್ ಭಾಷಣದಲ್ಲಿ ಅದು ಒಂದು ಸಾಲಿನ ಮಾತು. ಆದರೆ ಚೀನಾದ ನೂಲು ಅಗ್ಗವಾಗುತ್ತಲೇ ಇಲ್ಲಿ ಗೂಡಿನ ದರ ಕುಸಿಯಿತು. ಬೆಳೆಗಾರರು ಬೀದಿಗಿಳಿದರು. ನಿನ್ನೆಯ ದರಕ್ಕೆ ಗೂಡು ಕೊಂಡಿದ್ದ ರೀಲರ್ ಇಂದಿನ ದರಕ್ಕೆ ನೂಲು ಮಾರಬೇಕಾಯಿತು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು, ಅನಂತರ ಶೇ. 10ಕ್ಕೆ ಇಳಿಯಿತು, 2021ರ ಬಜೆಟ್‌ನಲ್ಲಿ ಮತ್ತೆ ಶೇ. 15 ಆಯಿತು. ಏರಿಸಿದವರೂ ಇಳಿಸಿದವರೂ ಒಂದೇ ಪಕ್ಷದವರಲ್ಲ. ಸುಂಕ ಹೆಚ್ಚಿದರೆ ಮಗ್ಗದವನಿಗೆ ನೂಲು ದುಬಾರಿಯಾಗುತ್ತದೆ, ಇಳಿದರೆ ಬೆಳೆಗಾರ ಮತ್ತು ರೀಲರ್‌ಗೆ ಹೊಡೆತ ಬೀಳುತ್ತದೆ. ಇದು ಸುಲಭದ ಪ್ರಶ್ನೆಯಲ್ಲ ನಿಜ. ಆದ್ದರಿಂದಲೇ ಇದು ಚುನಾವಣೆಯಲ್ಲಿ ಚರ್ಚೆಯಾಗಬೇಕಿತ್ತು.

ಆದರೆ ಚರ್ಚೆಯಾದದ್ದು ಏನು? 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಮುಸ್ಲಿಮರ ಶೇ. 4ರ 2ಬಿ ಮೀಸಲಾತಿಯನ್ನು ರದ್ದುಪಡಿಸುವ ತೀರ್ಮಾನ ಹೊರಬಿತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಮೀಸಲಾತಿ ದೇಶದ ಉದ್ದಗಲಕ್ಕೂ ಭಾಷಣದ ವಸ್ತುವಾಯಿತು. ಒಬ್ಬರು ನಮ್ಮನ್ನು ತೋರಿಸಿ ಇತರರನ್ನು ಹೆದರಿಸಿದರು. ಇನ್ನೊಬ್ಬರು ಅವರನ್ನು ತೋರಿಸಿ ನಮ್ಮನ್ನು ಹೆದರಿಸಿದರು. ನಮ್ಮ ಹೆಸರು ಎಲ್ಲ ವೇದಿಕೆಗಳಲ್ಲೂ ಮೊಳಗಿತು. ನಮ್ಮ ನೂಲಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ಕೇಳಿಸಿಕೊಳ್ಳುವವರೇ ಇಲ್ಲದಾಗ ಜನರು ಏನು ಮಾಡುತ್ತಾರೆ ಎಂಬುದಕ್ಕೆ ಪಕ್ಕದ ಹನೂರು ತಾಲೂಕಿನ ಇಂಡಿಗನತ್ತ ಸಾಕ್ಷಿ. ಮಲೆ ಮಹದೇಶ್ವರ ಬೆಟ್ಟದ ಸಮೀಪ ಕಾಡಿನ ನಡುವೆ ಇರುವ ಆ ಗ್ರಾಮದ ಜನರು ರಸ್ತೆ, ನೀರಿನಂತಹ ಮೂಲ ಸೌಕರ್ಯ ಇಲ್ಲವೆಂದು 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಏಪ್ರಿಲ್ 26ರಂದು ಅಧಿಕಾರಿಗಳು ಮತದಾನ ನಡೆಸಲು ಮುಂದಾದಾಗ ಘರ್ಷಣೆ ನಡೆದು ಮತಯಂತ್ರವೇ ಧ್ವಂಸವಾಯಿತು. ಏಪ್ರಿಲ್ 29ರಂದು ಮರುಮತದಾನ ನಡೆಯಿತು. ಆದರೆ ಅಷ್ಟರಲ್ಲಿ ರಸ್ತೆ ಕೇಳಿದವರ ಪೈಕಿ ಹಲವರು ಜೈಲು ಸೇರಿದ್ದರು. ಯಂತ್ರ ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಸಿಟ್ಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಮರುವರ್ಷ, 2025ರ ಏಪ್ರಿಲ್ 24ರಂದು, ಅದೇ ಬೆಟ್ಟದಲ್ಲಿ ರಾಜ್ಯದ ಸಚಿವ ಸಂಪುಟವೇ ಸಭೆ ಸೇರಿತು. ಸರಕಾರ ಬೆಟ್ಟ ಹತ್ತಬಲ್ಲದು ಎಂದಾದರೆ ಅದು ಮೊದಲೇ ಏಕೆ ಹತ್ತಲಿಲ್ಲ?

ಹಾಗಾದರೆ ಮತ ಹಾಕುವುದೇ ವ್ಯರ್ಥವೇ? ಯಳಂದೂರು ಸೀಮೆಯ ಹಿರಿಯರನ್ನು ಕೇಳಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಆ ಸೀಮೆಯನ್ನು ಒಳಗೊಂಡಿದ್ದ ಅಂದಿನ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಜನತಾದಳದ ಎ.ಆರ್. ಕೃಷ್ಣಮೂರ್ತಿಯವರಿಗೆ ದೊರೆತದ್ದು 40,751. ಅಂತರ ಒಂದೇ ಒಂದು ಮತ! ಅಂದು 'ನನ್ನೊಬ್ಬನ ಮತದಿಂದ ಏನಾಗುತ್ತದೆ' ಎಂದು ಮನೆಯಲ್ಲೇ ಉಳಿದವರು ಮರುದಿನಗಳಲ್ಲಿ ಏನೆಂದುಕೊಂಡಿರಬಹುದು?

ಮತಕ್ಕೆ ಬೆಲೆ ಇದೆ. ಆ ಬೆಲೆಯನ್ನು ಅಗ್ಗ ಮಾಡಿಕೊಂಡವರು ನಾವೇ. ಅಭ್ಯರ್ಥಿ ನಮ್ಮ ಮೊಹಲ್ಲಾಕ್ಕೆ ಬಂದಾಗ ನಾವು ಕೇಳುವುದು ಏನನ್ನು? ಶಾದಿಮಹಲ್‌ಗೆ ಅನುದಾನ, ಕಬರಸ್ತಾನಕ್ಕೆ ಕಾಂಪೌಂಡ್, ಬೀದಿಗೊಂದು ಚರಂಡಿ. ಇವು ಬೇಡವೆಂದಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ನಗರಸಭೆಯ, ಶಾಸಕರ ಮಟ್ಟದ ಕೆಲಸಗಳು. ಆಮದು ಸುಂಕವನ್ನು ನಿರ್ಧರಿಸುವ ಸಂಸತ್ತಿಗೆ ಹೋಗುವವರೊಡನೆ ಕಾಂಪೌಂಡ್ ಗೋಡೆಯನ್ನಷ್ಟೇ ಕೇಳಿದರೆ ಅವರು ಗೋಡೆಯನ್ನಷ್ಟೇ ಕೊಟ್ಟಾರು. ಉಳಿದ ಐದು ವರ್ಷ ಅವರು ಲೋಕಸಭೆಯಲ್ಲಿ ಏನು ಪ್ರಶ್ನೆ ಕೇಳಿದರು, ಯಾವ ಮಸೂದೆಗೆ ಕೈ ಎತ್ತಿದರು ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಮಸೀದಿ ಕಮಿಟಿಯ ಲೆಕ್ಕಪತ್ರದ ಬಗ್ಗೆ ವರ್ಷವಿಡೀ ವಾದಿಸುವ ನಾವು ದೇಶದ ಲೆಕ್ಕಪತ್ರದ ಬಗ್ಗೆ ಮೌನಿಗಳಾಗಿರುವುದು ಯಾವ ನ್ಯಾಯ?

ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಪ್ರತಿವರ್ಷ ಫೆಬ್ರವರಿಯಲ್ಲಿ ಬಜೆಟ್ ಬರುತ್ತದೆ. ಅದಕ್ಕೆ ಎರಡು ತಿಂಗಳು ಮೊದಲು ಊರಿನ ಬೆಳೆಗಾರ, ರೀಲರ್ ಮತ್ತು ನೇಕಾರರು ಒಂದೆಡೆ ಕೂರಲಿ. ಬೆಳೆಗಾರ ಗೌಡರಾಗಿರಲಿ, ನೇಕಾರ ದೇವಾಂಗರಾಗಿರಲಿ, ರೀಲರ್ ಮುಸ್ಲಿಮನಾಗಿರಲಿ, ಎಳೆ ಒಂದೇ. ಮೂವರಿಗೂ ಒಪ್ಪಿಗೆಯಾಗುವ ಒಂದು ಪುಟದ ಬೇಡಿಕೆಯನ್ನು ಬರೆದು ಸಂಸದರ ಕೈಗಿತ್ತು, ಸದನದಲ್ಲಿ ಅದನ್ನು ಎತ್ತಿದರೋ ಇಲ್ಲವೋ ಎಂದು ವಿಚಾರಿಸಲಿ. ಮುಂದಿನ ಚುನಾವಣೆಯಲ್ಲಿ ಅವರು ಬಂದಾಗ ಆ ಪುಟವನ್ನೇ ಮುಂದಿಡಲಿ. ಧರ್ಮದ ಹೆಸರಲ್ಲಿ ನಮ್ಮನ್ನು ಬೇರ್ಪಡಿಸಿ ಮತ ಕೇಳುವವರಿಗೆ ಇದಕ್ಕಿಂತ ಉತ್ತಮ ಉತ್ತರ ಇನ್ನೊಂದಿಲ್ಲ.

ಸಿಟ್ಟು ನಮ್ಮೆಲ್ಲರಲ್ಲೂ ಇದೆ. ಯಂತ್ರ ಒಡೆದ ಸಿಟ್ಟು ಜೈಲಿಗೆ ಒಯ್ದಿತು, ಚಹಾದಂಗಡಿಯ ಸಿಟ್ಟು ಲೋಟ ಖಾಲಿಯಾದೊಡನೆ ಆರಿಹೋಯಿತು. ಅದನ್ನು ಪ್ರಶ್ನೆಯಾಗಿ ಬರೆದು, ಸಹಿ ಹಾಕಿ, ಉತ್ತರ ಬರುವವರೆಗೆ ಕಾಯುವ ತಾಳ್ಮೆ ನಮಗಿದೆಯೇ?