ಅಕ್ಷತೆ ಬಿದ್ದರೂ ಅದು ಮದುವೆಯಲ್ಲ

ಮಾಡಿ ಮುಗಿಸಿದ್ದನ್ನು ಇನ್ನು ಬದಲಿಸಲಾಗದು ಎನ್ನುವುದಕ್ಕೆ ‘ಫೆಟ್ ಅಕಾಂಪ್ಲಿ’ ಎಂಬ ಫ್ರೆಂಚ್ ಮಾತಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಬಾಲ್ಯವಿವಾಹಗಳಿಗೂ ಇದೇ ನೆಪ: ‘ಅಕ್ಷತಾ ಬಿದ್ದಾವ, ಇನ್ನೇನ್ ಮಾಡೂದು?’

ಎರಕ ಹೊಯ್ದ ಕಾಂಕ್ರೀಟನ್ನೇ ದೋಷ ಕಂಡರೆ ಒಡೆಸುತ್ತೇವೆ. ಕಾಯ್ದೆಯೂ ಹಾಗೆಯೇ. 2006ರ ಕೇಂದ್ರ ಕಾಯ್ದೆಯಡಿ ಇಂಥ ಮದುವೆ ಸಾಮಾನ್ಯವಾಗಿ ನ್ಯಾಯಾಲಯಕ್ಕೆ ಹೋದರಷ್ಟೇ ರದ್ದಾಗುತ್ತಿತ್ತು. ಕರ್ನಾಟಕದ 2016ರ ತಿದ್ದುಪಡಿ ಅದನ್ನು ಮೊದಲಿನಿಂದಲೇ ಅಸಿಂಧುಗೊಳಿಸಿತು.

ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ಜಾತಿ ಮೀರಿ ಮಕ್ಕಳ ಮದುವೆಯನ್ನು ಬಹಿರಂಗವಾಗಿ ಮಾಡಿ ಪ್ರಾಣವನ್ನೇ ತೆತ್ತರು. ನಾವು ನಸುಕಿನಲ್ಲಿ ಕದ್ದು ಮುಗಿಸಿ, ಮಠಕ್ಕೆ ಬಂದು ಆಶೀರ್ವಾದ ಬೇಡುತ್ತೇವೆ.

ಪೂಜ್ಯರು ಆಶೀರ್ವದಿಸುವ ಮೊದಲು ವಯಸ್ಸಿನ ದಾಖಲೆ ಕೇಳಲಿ: ಹುಡುಗಿಗೆ 18, ಹುಡುಗನಿಗೆ 21. ಸುಳಿವು ಸಿಕ್ಕ ಭಕ್ತರು 1098ಕ್ಕೆ ಕರೆ ಮಾಡಲಿ. ‘ಆದದ್ದು ಆಯಿತು’ ಎನ್ನುವವರು ಹಿರಿಯರು. ಬಾಳಬೇಕಾದವಳು ಆ ಹುಡುಗಿ.